ನಮ್ಮ ಊರಿಗೂ ಇತಿಹಾಸವಿದೆಯೇ?



ಶಿಕ್ಷಕನಾದವನು ತನ್ನ ಸೇವಾವಧಿಯಲ್ಲಿ ಕೇಳುವ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಆದರೆ ಮಕ್ಕಳು ಅವನನ್ನು ಕೇಳಿದ ಪ್ರಶ್ನೆಗಳಲ್ಲಿ ಒಂದೆರಡು ಮಾತ್ರ ನಿವೃತ್ತಿಯ ನಂತರವೂ ಅವನ ಬೆನ್ನು ಬಿಡುವುದಿಲ್ಲ. ಅಂತಹ ಒಂದು ಪ್ರಶ್ನೆಯನ್ನು ಕುರಿತು ಇಂದು ಬರೆಯಬೇಕೆಂದಿದ್ದೇನೆ.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಸಿ.ಎಸ್. ಪುರದ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ನಾನು ಕೈಗಾರಿಕಾ ಕ್ರಾಂತಿಯ ಪಾಠ ಮಾಡುತ್ತಿದ್ದೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಗೋಮಾಳಗಳಿಗೆ ಬೇಲಿ ಹಾಕಿದ್ದು, ಬಡ ರೈತರು ಊರು ಬಿಟ್ಟು ಮ್ಯಾಂಚೆಸ್ಟರ್‌ನಂತಹ ನಗರಗಳ ಗಿರಣಿಗಳನ್ನು ಸೇರಿದ್ದು, ಇವನ್ನೆಲ್ಲ ಸ್ವತಃ ಕಂಡುಬಂದವನಂತೆ ವರ್ಣಿಸುತ್ತಿದ್ದೆ. ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸಾ, ಇಂಗ್ಲೆಂಡಿನ ಹಳ್ಳಿಗೂ ಇತಿಹಾಸ ಐತೆ. ನಮ್ಮೂರಿಗೆ ಇಲ್ವಾ ಸಾ?"

ನಾನು ನಕ್ಕು, "ಇದ್ದರೂ ಸಿಲಬಸ್‌ನಲ್ಲಿ ಇಲ್ಲಪ್ಪ, ಕೂತ್ಕೋ" ಎಂದೆ. ತರಗತಿಯೆಲ್ಲ ನಕ್ಕಿತು. ಹುಡುಗನೂ ನಾಚಿಕೆಯಿಂದ ನಕ್ಕು ಕುಳಿತ. ಅಂದು ಆ ಪಾಠವೇನೋ ಮುಗಿಯಿತು. ಆದರೆ ನನ್ನ ಉತ್ತರ ಶಿಕ್ಷಕನ ಬಾಯಲ್ಲಿ ಬರಬಾರದಂಥದ್ದಾಗಿತ್ತು ಎಂಬುದು ಮನೆಗೆ ಸೈಕಲ್ ತುಳಿಯುತ್ತಾ ಹೋಗುವಾಗಲೇ ನನಗೆ ಅರಿವಾಯಿತು.

ಮರುದಿನ ಆ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. "ಸಾ, ನಮ್ಮಜ್ಜಿ ಬಟ್ಟೆ ಒಗಿಯೋ ಕಲ್ಲಿನ ಮೇಲೆ ಅಕ್ಷರ ಅವೆ ಸಾ" ಎಂದ. ಆ ಕಲ್ಲಿನ ಕಥೆಯನ್ನು ಕೊನೆಗೆ ಹೇಳುತ್ತೇನೆ. ಮೊದಲು ಅವನ ಪ್ರಶ್ನೆಗೆ ಮೂವತ್ತು ವರ್ಷ ತಡವಾಗಿಯಾದರೂ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಇಂಗ್ಲೆಂಡಿನ ಹಳ್ಳಿಗೆ ಇತಿಹಾಸ ಎಲ್ಲಿಂದ ಬಂತು? ಅಲ್ಲಿನ ಮಣ್ಣಿನಲ್ಲಿ ವಿಶೇಷವೇನೂ ಇಲ್ಲ. ಅಲ್ಲಿಯವರು ಬರೆದಿಟ್ಟರು, ಅಷ್ಟೇ. 1086ರಲ್ಲಿ ಒಂದನೆಯ ವಿಲಿಯಂ ದೊರೆಯು ಕಂದಾಯದ ಉದ್ದೇಶದಿಂದ ರಾಜ್ಯದ ಬಹುಭಾಗವನ್ನು ಸಮೀಕ್ಷೆ ಮಾಡಿಸಿ, ಊರೂರಿನ ನೇಗಿಲು, ಗಿರಣಿ, ಹುಲ್ಲುಗಾವಲುಗಳ ಲೆಕ್ಕ ಬರೆಸಿದನು. ಡೂಮ್ಸ್‌ಡೇ ಪುಸ್ತಕವೆಂದು ಪ್ರಸಿದ್ಧವಾದುದು ಇದೇ. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್‌ನು ಪ್ರತಿಯೊಂದು ಊರಿನ ಚರ್ಚಿನಲ್ಲಿಯೂ ನಾಮಕರಣ, ವಿವಾಹ, ಶವಸಂಸ್ಕಾರಗಳನ್ನು ದಾಖಲಿಸತಕ್ಕದ್ದೆಂದು ಆಜ್ಞೆ ಹೊರಡಿಸಿದನು. ಹ್ಯಾಂಪ್‌ಷೈರ್ ಪ್ರಾಂತದ ಸೆಲ್ಬೋರ್ನ್ ಎಂಬ ಚಿಕ್ಕ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ಎಂಬಾತನು ತನ್ನ ಊರಿನ ಹಕ್ಕಿ, ಹುಳು, ಮಳೆ, ಮರ, ಮನೆಯ ಆಮೆ, ಹಳೆಯ ಕಟ್ಟಡ ಇವುಗಳನ್ನೇ ನೋಡಿ ನೋಡಿ ಬರೆದ ಪುಸ್ತಕ 1789ರಲ್ಲಿ ಪ್ರಕಟವಾಯಿತು. ಆ ಹಳ್ಳಿಯಲ್ಲಿ ಯಾವ ಮಹಾಯುದ್ಧವೂ ನಡೆದಿರಲಿಲ್ಲ. ಆದರೂ ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಜಗತ್ತು ಅದನ್ನು ಓದುತ್ತಿದೆ.

ಹಾಗಾದರೆ ನಮ್ಮವರು ಏನನ್ನೂ ಬರೆದಿಡಲಿಲ್ಲವೇ? ಇಲ್ಲವೆಂದು ನಾನೂ ಬಹುಕಾಲ ನಂಬಿದ್ದೆ. ಬಿ.ಎಡ್. ಮುಗಿಸಿ ಬಂದ ಹುಮ್ಮಸ್ಸಿನಲ್ಲಿ ಮ್ಯಾಗ್ನಾ ಕಾರ್ಟಾದ ಇಸವಿಯನ್ನು ಬಾಯಿಪಾಠ ಹೇಳುತ್ತಿದ್ದ ನನಗೆ, ಸಿ.ಎಸ್. ಪುರ ಎಂಬ ಹೆಸರೇ ಒಂದು ದಾಖಲೆಯೆಂದು ಹೊಳೆದಿರಲಿಲ್ಲ.

ಹೊರಗಿನವರು ಬಸ್ಸಿನ ಬೋರ್ಡಿನ ಮೇಲೆ 'ಸಿ.ಎಸ್. ಪುರ' ಎಂದು ಓದಿದಾಗ, ಅದು ಯಾರೋ ದೊಡ್ಡ ಮನುಷ್ಯರ ಇನಿಷಿಯಲ್ ಇರಬೇಕೆಂದು ಭಾವಿಸುವುದುಂಟು. ನಮ್ಮ ಶಾಲೆಯ ಮಕ್ಕಳಲ್ಲಿಯೂ ಅನೇಕರಿಗೆ ಅದು ಚಂದ್ರಶೇಖರಪುರ ಎಂದು ತಿಳಿದಿರಲಿಲ್ಲ. ಕೃಷ್ಣರಾಜಪೇಟೆಯು ಕೆ.ಆರ್. ಪೇಟೆಯಾಯಿತು, ಹೆಗ್ಗಡದೇವನಕೋಟೆಯು ಹೆಚ್.ಡಿ. ಕೋಟೆಯಾಯಿತು, ನರಸಿಂಹರಾಜಪುರವು ಎನ್.ಆರ್. ಪುರವಾಯಿತು. ಅಂತೆಯೇ, ತಲೆಯ ಮೇಲೆ ಚಂದ್ರನನ್ನು ಧರಿಸಿದ ಶಿವನ ಹೆಸರು ಎರಡು ಇಂಗ್ಲಿಷ್ ಅಕ್ಷರಗಳಾಗಿ ಕುಗ್ಗಿತು. ಅಂಚೆಗೆ, ಕಚೇರಿಗೆ, ಬಸ್ಸಿಗೆ ಇದರಿಂದ ಅನುಕೂಲವಾಗಿದೆ, ನಿಜ. ಆದರೆ ಹೆಸರು ಕುಗ್ಗಿದಷ್ಟೂ ಅದರೊಳಗಿನ ಅರ್ಥವನ್ನು ಕೇಳುವವರೂ ಕಡಿಮೆಯಾದರು.

ಊರ ಹೆಸರುಗಳನ್ನು ಓದಲು ಬಂದರೆ ನಕ್ಷೆಯೇ ಒಂದು ಪಠ್ಯಪುಸ್ತಕ. ನಮ್ಮ ಗುಬ್ಬಿ ತಾಲ್ಲೂಕಿನ ಆರು ಹೋಬಳಿಗಳನ್ನು ನೆನಪು ಮಾಡಿಕೊಳ್ಳಿ: ಕಸಬಾ, ನಿಟ್ಟೂರು, ಕಡಬ, ಚೇಳೂರು, ಹಾಗಲವಾಡಿ, ಸಿ.ಎಸ್. ಪುರ. 'ಊರು' ಎಂದು ಕೊನೆಯಾಗುವ ಹೆಸರುಗಳು ಸಾಮಾನ್ಯವಾಗಿ ಹಳೆಯ ಅಚ್ಚಗನ್ನಡದ ನೆಲೆಗಳು. 'ಹಳ್ಳಿ'ಗಳು ಒಕ್ಕಲುತನ ಹಬ್ಬಿದ ಹಾಗೆ ಹುಟ್ಟಿಕೊಂಡವು. ದೇವರ ಅಥವಾ ದೊರೆಯ ಹೆಸರಿನ ಮುಂದೆ 'ಪುರ' ಬಂದರೆ, ಅನೇಕ ವೇಳೆ ಯಾರೋ ಉದ್ದೇಶಪಟ್ಟು ನೆಲೆಗೊಳಿಸಿದ ಅಥವಾ ಹೊಸದಾಗಿ ಹೆಸರಿಟ್ಟ ಊರು ಅದು. ಪಕ್ಕದ ತುರುವೇಕೆರೆ ತಾಲ್ಲೂಕಿನ ಮಾಯಸಂದ್ರದಲ್ಲಿರುವ 'ಸಂದ್ರ'ವು ಸಮುದ್ರ ಎಂಬುದರ ಸವೆದ ರೂಪ. ನೂರಾರು ಮೈಲಿ ದೂರದವರೆಗೆ ಕಡಲಿಲ್ಲದ ಈ ಸೀಮೆಯಲ್ಲಿ ನಮ್ಮ ಹಿರಿಯರು ತಾವು ಕಟ್ಟಿದ ಕೆರೆಯನ್ನೇ ಸಮುದ್ರವೆಂದು ಕರೆದು ಸಂತೋಷಪಟ್ಟರು. 'ಕಾವಲ್' ಎಂದರೆ ದನಗಳ ಮೇವಿಗಾಗಿ ಕಾದಿರಿಸಿದ ಹುಲ್ಲುಗಾವಲು. ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ 2023ರ ಫೆಬ್ರವರಿ 6ರಂದು ಎಚ್.ಎ.ಎಲ್. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಹೆಲಿಕಾಪ್ಟರ್ ತಯಾರಾಗುವ ನೆಲದ ಹೆಸರಿನಲ್ಲಿ ದನ ಮೇಯಿಸಿದವರ ನೆನಪು ಇನ್ನೂ ಉಳಿದಿದೆ ನೋಡಿ.

ಇನ್ನು ಬರಹದ ಸಾಕ್ಷ್ಯಕ್ಕೆ ಬರೋಣ. ನಮ್ಮ ನೆರೆಯ ಹೋಬಳಿ ಕಡಬ ನಿಮಗೆಲ್ಲ ಗೊತ್ತು. ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿರುವ ಅಲ್ಲಿನ ದೊಡ್ಡ ಕೆರೆಯನ್ನು ಲಂಕೆಯಿಂದ ಮರಳುವಾಗ ಶ್ರೀರಾಮನೇ ಕಟ್ಟಿಸಿದನೆಂದು ಐತಿಹ್ಯವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂದಿನ ಗುಬ್ಬಿ ತಾಲ್ಲೂಕನ್ನೇ ಕಡಬ ತಾಲ್ಲೂಕೆಂದು ಕರೆಯುತ್ತಿದ್ದ ಕಾಲವೊಂದಿತ್ತು. ಆ ಕಡಬದಲ್ಲಿ ದೊರೆತ ತಾಮ್ರಪಟಗಳು ಇತಿಹಾಸಕಾರರಲ್ಲಿ ಪ್ರಸಿದ್ಧವಾಗಿವೆ. ರಾಷ್ಟ್ರಕೂಟ ದೊರೆ ಮೂರನೆಯ ಗೋವಿಂದನ ಹೆಸರಿನ ಈ ಶಾಸನದ ಕಾಲ ಶಕವರ್ಷ 735. ಅದಕ್ಕೆ 78 ಕೂಡಿಸಿ ಎಂದು ತರಗತಿಯಲ್ಲಿ ಹೇಳಿಕೊಟ್ಟದ್ದನ್ನು ನೆನಪಿಸಿಕೊಳ್ಳಿ. ನಡೆಯುತ್ತಿದ್ದ ವರ್ಷವೋ ಕಳೆದ ವರ್ಷವೋ ಎಂಬ ಒಂದು ವರ್ಷದ ವ್ಯತ್ಯಾಸ ಬಿಟ್ಟರೆ, ಕ್ರಿ.ಶ. 812-13 ಎಂದಾಗುತ್ತದೆ.

ಅದರಲ್ಲಿ ಏನಿದೆ? ಕುನುಂಗಿಲ್ ದೇಶವನ್ನು ಆಳುತ್ತಿದ್ದ ವಿಮಲಾದಿತ್ಯನಿಗೆ ಶನಿಪೀಡೆ ಉಂಟಾಗಿತ್ತು. ಅರ್ಕಕೀರ್ತಿ ಎಂಬ ಜೈನ ಮುನಿಯು ಅದನ್ನು ನಿವಾರಿಸಿದನು. ಅದಕ್ಕಾಗಿ ಗಂಗಮಂಡಲದ ಅಧಿಪತಿ ಚಾಕಿರಾಜನ ಬಿನ್ನಹದ ಮೇರೆಗೆ, ಮಾನ್ಯಪುರದ ಪಶ್ಚಿಮಕ್ಕಿದ್ದ ಶಿಲಾಗ್ರಾಮದ ಜಿನಾಲಯಕ್ಕೆಂದು ಜಾಲಮಂಗಲ ಎಂಬ ಗ್ರಾಮವನ್ನು ಆ ಮುನಿಗೆ ದತ್ತಿಯಾಗಿ ಕೊಡಲಾಯಿತು. ಮಾನ್ಯಪುರವೆಂದರೆ ಈಗಿನ ನೆಲಮಂಗಲ ತಾಲ್ಲೂಕಿನ ಮಣ್ಣೆ. ಕುನುಂಗಿಲ್ ಎಂದರೆ ಬೇರೆ ಯಾವುದೂ ಅಲ್ಲ, ನಮ್ಮ ಕುಣಿಗಲ್! ಈ ಪಟಗಳ ನೈಜತೆಯನ್ನು ಕುರಿತು ವಿದ್ವಾಂಸರಲ್ಲಿ ಕೆಲವರು ಸಂಶಯ ವ್ಯಕ್ತಪಡಿಸಿದ್ದೂ ಉಂಟು. ಆ ಚರ್ಚೆಯನ್ನು ಅವರಿಗೇ ಬಿಡೋಣ. ಗುಬ್ಬಿ ತಾಲ್ಲೂಕಿನಲ್ಲಿ ಸಿಕ್ಕ ತಾಮ್ರದ ಮೇಲೆ ಕುಣಿಗಲ್ಲಿನ ಪ್ರಭುವೊಬ್ಬನ ಕಷ್ಟಸುಖ ಬರೆದಿದೆ ಎಂಬುದೇ ನನಗೆ ರೋಮಾಂಚನದ ವಿಷಯ. ಇಂದಿಗೂ ನಮ್ಮ ಹಳ್ಳಿಗಳಲ್ಲಿ ಕಷ್ಟ ಬಂದಾಗ ಶನಿಮಹಾತ್ಮೆ ಓದಿಸುವುದಿಲ್ಲವೇ? ಶನಿವಾರ ಎಳ್ಳೆಣ್ಣೆಯ ದೀಪ ಹಚ್ಚುವುದಿಲ್ಲವೇ? ಸಾವಿರದ ಇನ್ನೂರು ವರ್ಷಗಳ ಹಿಂದಿನ ಆ ಪ್ರಭುವಿನ ಭಯ ನಮಗೆ ಅಪರಿಚಿತವೇನಲ್ಲ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಪಟಗಳು ಸಿಕ್ಕಿದ್ದು ಕಡಬದಲ್ಲಿ, ಅವು ಹೇಳುವುದು ಜಾಲಮಂಗಲ, ಶಿಲಾಗ್ರಾಮ, ಕುಣಿಗಲ್ಲುಗಳ ಸಂಗತಿ. ಅಂದರೆ ಒಂದು ಊರಿನ ಇತಿಹಾಸ ಆ ಊರಿನಲ್ಲೇ ಇರಬೇಕೆಂಬ ನಿಯಮವಿಲ್ಲ. ನಮ್ಮ ಮನೆಯ ಪತ್ರ ನೆಂಟರ ಮನೆಯ ಪೆಟ್ಟಿಗೆಯಲ್ಲಿ ಸಿಗುವ ಹಾಗೆ, ಒಂದು ಊರಿನ ವಿಷಯ ಇನ್ನೊಂದು ಊರಿನ ಕಲ್ಲಿನಲ್ಲಿರುತ್ತದೆ. ಆದ್ದರಿಂದ ಯಾವ ಕಲ್ಲನ್ನೂ "ನಮ್ಮೂರದಲ್ಲ" ಎಂದು ಕಡೆಗಣಿಸುವಂತಿಲ್ಲ.

ಇಂತಹ ಶಾಸನಗಳನ್ನು ಹುಡುಕಿ ಓದಿ ಅಚ್ಚು ಹಾಕಿಸಿದ ಮಹನೀಯನನ್ನು ಇಲ್ಲಿ ಸ್ಮರಿಸಲೇಬೇಕು. ಬೆಂಜಮಿನ್ ಲೂಯಿ ರೈಸ್ ಅವರು 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಅವರೂ ಮೊದಲು ನಮ್ಮಂತೆ ಶಾಲಾ ಮೇಷ್ಟ್ರು! ಬೆಂಗಳೂರಿನ ಶಾಲೆಯ ಮುಖ್ಯಸ್ಥರಾಗಿದ್ದು, ಬಳಿಕ ಶಾಲೆಗಳ ತನಿಖಾಧಿಕಾರಿಯಾಗಿ, ಮುಂದೆ ವಿದ್ಯಾ ಇಲಾಖೆಯ ನಿರ್ದೇಶಕರಾಗಿ ಮೈಸೂರು ಸೀಮೆಯನ್ನೆಲ್ಲ ಸುತ್ತಿದರು. ಶಾಲೆ ನೋಡಲು ಹೋದಲ್ಲೆಲ್ಲ ಕಲ್ಲುಗಳನ್ನೂ ನೋಡಿದರು. 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಸಂಪುಟಗಳಲ್ಲಿ ಅವರು ಪ್ರಕಟಿಸಿದ ಶಾಸನಗಳ ಸಂಖ್ಯೆ ಒಂಬತ್ತು ಸಾವಿರದ ಹತ್ತಿರ. ತುಮಕೂರು ಜಿಲ್ಲೆಯದು ಹನ್ನೆರಡನೆಯ ಸಂಪುಟ. ಅದು 1904ರಲ್ಲಿ ಹೊರಬಂತು. ಇಂಗ್ಲೆಂಡಿನ ಹಳ್ಳಿಗೆ ಚರ್ಚಿನ ದಾಖಲೆ ಪುಸ್ತಕ ಹೇಗೋ, ನಮ್ಮ ಹಳ್ಳಿಗಳಿಗೆ ಈ ಸಂಪುಟಗಳು ಹಾಗೆ. ದೋಷವಿದ್ದರೆ ಅದು ಓದದ ನಮ್ಮದು.

ಕಲ್ಲನ್ನು ಓದಿದರೆ ಏನಾಗುತ್ತದೆ ಎಂಬುದಕ್ಕೆ ತುಮಕೂರಿನ ಸಮೀಪದ ಕೈದಾಳವೇ ಉದಾಹರಣೆ. ಎಷ್ಟೋ ಬಾರಿ ನಿಮ್ಮನ್ನು ಅಲ್ಲಿಗೆ ಪ್ರವಾಸಕ್ಕೆ ಕರೆದೊಯ್ದಿದ್ದೇನೆ. ಜಕಣಾಚಾರಿ ಕಡೆದ ಮೂರ್ತಿಯಲ್ಲಿ ಅವನ ಮಗ ಡಂಕಣ ದೋಷ ತೋರಿಸಿದ್ದು, ಶಿಲ್ಪಿಯು ತನ್ನ ಕೈಯನ್ನೇ ಕತ್ತರಿಸಿಕೊಂಡದ್ದು, ಚೆನ್ನಕೇಶವನ ಕೃಪೆಯಿಂದ ಮತ್ತೆ ಕೈ ಬಂದದ್ದು, ಅದರಿಂದಲೇ ಊರಿಗೆ ಕೈದಾಳವೆಂದು ಹೆಸರಾದದ್ದು, ಈ ಕಥೆಯನ್ನು ಮೈಮರೆತು ಹೇಳಿದ್ದೇನೆ. ಆದರೆ ಅಲ್ಲಿನ ಶಾಸನದಲ್ಲಿ ಜಕಣಾಚಾರಿಯ ಸುದ್ದಿಯಿಲ್ಲ. ಹನ್ನೆರಡನೆಯ ಶತಮಾನದ ಮಧ್ಯದಲ್ಲಿ, ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ, ಗೂಳಿ ಬಾಚಿ ಎಂಬ ಸಾಮಂತನು ಅಲ್ಲಿ ದೇವಾಲಯಗಳನ್ನು ಕಟ್ಟಿಸಿದನೆಂದು ಕಲ್ಲು ಹೇಳುತ್ತದೆ. ಹಾಗೆಂದು ಕಥೆಯನ್ನು ಬಿಸಾಡಬೇಕೇ? ಖಂಡಿತ ಬೇಡ. ಯಾರು ಕಟ್ಟಿಸಿದರೆಂಬುದನ್ನು ಕಲ್ಲು ತಿಳಿಸುತ್ತದೆ. ತಪ್ಪನ್ನು ಒಪ್ಪಿಕೊಂಡು ತಲೆಬಾಗುವವನನ್ನು ಜನ ಎಷ್ಟು ಗೌರವಿಸಿದರೆಂಬುದನ್ನು ಕಥೆ ತಿಳಿಸುತ್ತದೆ. ಎರಡನ್ನೂ ಮಕ್ಕಳಿಗೆ ಹೇಳಬೇಕು. ಆದರೆ ಯಾವುದು ಯಾವುದೆಂದು ಬೇರ್ಪಡಿಸಿ ಹೇಳಬೇಕು. ನಾನು ಬಹಳ ಕಾಲ ಹಾಗೆ ಬೇರ್ಪಡಿಸಲಿಲ್ಲ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಊರಿನ ಇತಿಹಾಸದ ಮತ್ತೊಂದು ದೊಡ್ಡ ಗ್ರಂಥವೆಂದರೆ ಕೆರೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಮಾತುಗಳೆಲ್ಲ ನಿಮಗೆ ಬಾಯಲ್ಲಿವೆ. ಕೆರೆ ಕಟ್ಟಿಸಿದವನಿಗೆ ಅಥವಾ ಅದನ್ನು ನೋಡಿಕೊಳ್ಳುವವನಿಗೆ ಬಿಟ್ಟುಕೊಡುತ್ತಿದ್ದ ಭೂಮಿಯನ್ನು ಶಾಸನಗಳು ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳಿಂದ ಕರೆದಿವೆ. ನೀರು ಹಂಚಲು ನೀರುಗಂಟಿಯಿದ್ದ. ಮಳೆಗಾಲಕ್ಕೆ ಮುಂಚೆ ಊರವರೆಲ್ಲ ಸೇರಿ ಹೂಳು ಎತ್ತುತ್ತಿದ್ದರು. ಕೆರೆ ಕೆಟ್ಟರೆ ಊರು ಕೆಡುತ್ತದೆ ಎಂಬುದನ್ನು ಅವರಿಗೆ ಯಾವ ಇಲಾಖೆಯೂ ಹೇಳಿಕೊಡಬೇಕಾಗಿರಲಿಲ್ಲ.

ಕೆಟ್ಟದ್ದೂ ಉಂಟು. ನನ್ನ ಅಜ್ಜಿ ತನ್ನ ಅತ್ತೆಯಿಂದ ಕೇಳಿದ 'ಧಾತು ಈಶ್ವರದ ಬರ'ದ ಕಥೆಯನ್ನು ಹೇಳುತ್ತಿದ್ದಳು. ಬಾಲ್ಯದಲ್ಲಿ ನಾನು ಧಾತು ಮತ್ತು ಈಶ್ವರ ಎಂಬ ಇಬ್ಬರು ಮನುಷ್ಯರು ಬರ ತಂದರೆಂದು ತಿಳಿದಿದ್ದೆ! ಅವು ಸಂವತ್ಸರಗಳ ಹೆಸರುಗಳು. ಅರವತ್ತು ಸಂವತ್ಸರಗಳ ಚಕ್ರದಲ್ಲಿ ಧಾತು ಹತ್ತನೆಯದು, ಈಶ್ವರ ಹನ್ನೊಂದನೆಯದು. ಪ್ರಭವ ಸಂವತ್ಸರ 1867ರಲ್ಲಿ ಆರಂಭವಾಯಿತೆಂದು ಹಿಡಿದು ಎಣಿಸಿದರೆ 1876 ಮತ್ತು 1877 ದೊರೆಯುತ್ತದೆ. ಪುಸ್ತಕಗಳಲ್ಲಿ 1876-78ರ ಮಹಾಕ್ಷಾಮ ಎಂದಿರುವುದೂ ಅದೇ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಕ್ಷರ ಬಾರದ ಅಜ್ಜಿಯ ಬಾಯಲ್ಲಿ ತಾರೀಖು ತಪ್ಪದೆ ಉಳಿದಿತ್ತು. ಜನಗಣತಿಯ ಅಂಕಿಯಲ್ಲಿ ಕಾಣದ ಸಂಗತಿಯೂ ಅವಳಲ್ಲಿತ್ತು: ಹಸಿದವರು ಯಾವ ಸೊಪ್ಪು, ಯಾವ ಗೆಡ್ಡೆ ಬೇಯಿಸಿ ತಿಂದರು, ಬಿತ್ತನೆಯ ರಾಗಿಯನ್ನು ಮುಟ್ಟಬಾರದೆಂದು ಹಿರಿಯರು ಹೇಗೆ ಕಾದರು ಎಂಬುದು. ಕಣಜದ ತಳದಲ್ಲಿ ಒಂದು ಪಲ್ಲ ರಾಗಿ ಇರಲೇಬೇಕೆಂದು ಅಜ್ಜಿ ಕೊನೆಯವರೆಗೂ ಹಟ ಹಿಡಿಯುತ್ತಿದ್ದುದು ಏಕೆಂದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ಲಿಖಿತ ದಾಖಲೆಗಳೂ ಊರೊಳಗೇ ಇದ್ದವು. ಶಾನುಭೋಗರ ಮನೆಗಳಲ್ಲಿ ಕಡತಗಳಿದ್ದವು. ಬಟ್ಟೆಗೆ ಹುಣಿಸೆ ಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು ಗಟ್ಟಿ ಮಾಡಿ, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಕಪ್ಪು ಪುಸ್ತಕಗಳವು. ಯಾವ ಹೊಲ ಯಾರದು, ಯಾವ ವರ್ಷ ಕೆರೆ ತುಂಬಿತು, ಯಾರಿಗೆ ಕಂದಾಯ ಮಾಫಿಯಾಯಿತು ಎಂಬುದೆಲ್ಲ ಅವುಗಳಲ್ಲಿರುತ್ತಿತ್ತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ಪಟೇಲ, ಶಾನುಭೋಗ ಮೊದಲಾದ ವಂಶಪಾರಂಪರ್ಯ ಹುದ್ದೆಗಳು ಕೊನೆಗೊಂಡವು. ಜನಿಸಿದ ಮನೆಯಿಂದ ಅಧಿಕಾರ ಬರಬಾರದೆಂಬುದು ನ್ಯಾಯವೇ ಸರಿ. ಆ ಕಡತಗಳಲ್ಲಿ ಬಡವನಿಗೆ ಅನ್ಯಾಯವಾದ ಬರಹಗಳೂ ಇದ್ದವು. ಆದರೆ ಹುದ್ದೆಯೊಂದಿಗೆ ಕಡತಗಳೂ ಅನಾಥವಾದವು. ನಾನೇ ನೋಡಿದಂತೆ, ಒಂದು ಮನೆಯ ಅಟ್ಟದಲ್ಲಿ ಗೆದ್ದಲು ಹಿಡಿದಿದ್ದ ಕಡತಗಳನ್ನು ನೀರೊಲೆಗೆ ಹಾಕಿದ್ದರು. "ಓದೋರು ಯಾರೂ ಇಲ್ಲ ಮೇಷ್ಟ್ರೇ, ಇಟ್ಟುಕೊಂಡು ಏನು ಮಾಡೋದು?" ಎಂದರು ಮನೆಯವರು. ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ನನಗೂ ಆ ಮೋಡಿ ಅಕ್ಷರ ಓದಲು ಬರುತ್ತಿರಲಿಲ್ಲ.

ಹಳೆಯದನ್ನು ತಿಳಿದು ಏನು ಪ್ರಯೋಜನವೆಂದು ಕೇಳುವವರಿಗೆ ನಮ್ಮ ನೀರಿನ ವಿಷಯವನ್ನೇ ತೋರಿಸುತ್ತೇನೆ. ಗೊರೂರಿನ ಜಲಾಶಯದಿಂದ ಹೇಮಾವತಿಯ ನೀರು ನಾಲೆಯ ಮೂಲಕ ನಮ್ಮ ಜಿಲ್ಲೆಗೆ ಬಂದ ಮೇಲೆ ತೆಂಗು ಅಡಿಕೆ ತೋಟಗಳಿಗೂ ಕೆರೆಗಳಿಗೂ ಜೀವ ಬಂತು. ತುಮಕೂರು ಶಾಖಾ ನಾಲೆಯ 70ನೆಯ ಕಿಲೋಮೀಟರಿನಿಂದ ಕುಣಿಗಲ್ ಕಡೆಗೆ ಎಕ್ಸ್‌ಪ್ರೆಸ್ ಕಾಲುವೆ ತೆಗೆಯುವ ಯೋಜನೆಯ ವಿಚಾರವಾಗಿ 2024 ಮತ್ತು 2025ರಲ್ಲಿ ನಮ್ಮ ತಾಲ್ಲೂಕಿನ ರೈತರು ಬೀದಿಗಿಳಿದರು. ನಮ್ಮ ಪಾಲು ಕಡಿಮೆಯಾಗುತ್ತದೆಂಬ ಭಯ ಈ ಕಡೆ, ನಮಗೆ ಬರಬೇಕಾದ ನೀರು ಬರಲಿಲ್ಲವೆಂಬ ಸಂಕಟ ಆ ಕಡೆ. ನಮ್ಮ ಮನೆಯ ಹೆಣ್ಣುಮಕ್ಕಳನ್ನು ಕುಣಿಗಲ್ಲಿಗೆ ಕೊಟ್ಟಿದ್ದೇವೆ, ಅಲ್ಲಿಂದ ತಂದಿದ್ದೇವೆ. ಹಬ್ಬಕ್ಕೆ ಬಂದ ಬೀಗರೊಡನೆ ನೀರಿನ ಮಾತು ಎತ್ತಬಾರದೆಂದು ಮನೆಯಲ್ಲಿ ಮೊದಲೇ ಎಚ್ಚರಿಕೆ ಕೊಡುವ ಕಾಲ ಬಂದಿತು. ಯಾರದು ಸರಿಯೆಂದು ತೀರ್ಪು ಕೊಡಲು ನಾನು ಇಂಜಿನಿಯರನಲ್ಲ. ಆದರೆ ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷೆ ಕಡಬದ ಕೆರೆ ತುಂಬಿಸಿ ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಸೇರುತ್ತಾಳೆ ಎಂಬುದನ್ನೂ, ಕುಣಿಗಲ್ಲಿನ ಪ್ರಭುವಿನ ಹೆಸರು ಕಡಬದ ತಾಮ್ರದಲ್ಲಿ ಸಿಕ್ಕಿದೆ ಎಂಬುದನ್ನೂ ಬಲ್ಲವರು, ಜಗಳವಾಡುವಾಗಲೂ ಎದುರಿಗಿರುವವರು ಪರಕೀಯರಲ್ಲವೆಂದು ನೆನಪಿಟ್ಟುಕೊಳ್ಳುತ್ತಾರೆ. ಇತಿಹಾಸದಿಂದ ಇಷ್ಟು ಉಪಕಾರವಾದರೆ ಸಾಲದೇ?

ಈಗ ಆ ಕಲ್ಲಿನ ವಿಚಾರ.

ಹುಡುಗ ಬಂದು ಹೇಳಿದ ವಾರದಲ್ಲೇ ನಾನು ಅವನೊಂದಿಗೆ ಅವನ ಹಳ್ಳಿಗೆ ಹೋದೆ. ಊರಿನ ಹೆಸರನ್ನು ಬರೆಯುವುದಿಲ್ಲ. ಕೆರೆಯ ಸೋಪಾನದ ಪಕ್ಕದಲ್ಲಿ ಮಲಗಿಸಿದ್ದ ಎದೆಯೆತ್ತರದ ಕಲ್ಲು ಅದು. ಅಜ್ಜಿ ಸೀರೆಯೊಂದನ್ನು ಅದರ ಮೇಲೆ ಬಡಿಯುತ್ತಿದ್ದಳು. ನಮ್ಮನ್ನು ಕಂಡು ನಗುತ್ತಾ ಪಕ್ಕಕ್ಕೆ ಸರಿದಳು. ಅದೊಂದು ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಡುತ್ತಿರುವ ವೀರ ಮತ್ತು ಅವನ ಪಕ್ಕದಲ್ಲಿ ದನಗಳು. ನಡುವಿನ ಪಟ್ಟಿಕೆಯಲ್ಲಿ ಅವನನ್ನು ಎತ್ತಿಕೊಂಡು ಹೋಗುತ್ತಿರುವ ಅಪ್ಸರೆಯರು. ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ. ತುದಿಯಲ್ಲಿ ಸೂರ್ಯ ಚಂದ್ರರು. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ನಾಲ್ಕೈದು ಸಾಲು ಬರಹ, ಬಟ್ಟೆಯ ಒಗೆತಕ್ಕೆ ಅರ್ಧ ಸವೆದಿತ್ತು. ತುರು ಕಾಯುತ್ತ, ಊರ ದನಗಳನ್ನು ಉಳಿಸಲು ಹೋಗಿ ಸತ್ತ ಯಾರೋ ಒಬ್ಬನ ಕಲ್ಲು. ಆ ಸಾಲುಗಳಲ್ಲಿ ಅವನ ಹೆಸರಿದ್ದಿರಬೇಕು, ಊರಿನ ಹಳೆಯ ಹೆಸರೂ ಇದ್ದಿರಬಹುದು.

ಹುಡುಗ ಕೇಳಿದ: "ಏನು ಬರೆದೈತೆ ಸಾ?"

"ಬೇಸಿಗೆ ರಜೆಯಲ್ಲಿ ಬಂದು ಪಡಿಯಚ್ಚು ತೆಗೆದು ಬಲ್ಲವರ ಹತ್ತಿರ ಓದಿಸೋಣ" ಎಂದೆ.

ಆ ಬೇಸಿಗೆಯಲ್ಲಿ ಪರೀಕ್ಷೆಯ ಮೌಲ್ಯಮಾಪನ ಬಂತು. ಮರು ಬೇಸಿಗೆಯಲ್ಲಿ ಮನೆಯಲ್ಲಿ ಮದುವೆ. ಅದರ ಮರುವರ್ಷ ಚುನಾವಣೆಯ ಕೆಲಸ. ಕಲ್ಲು ಎಲ್ಲಿಗೆ ಹೋಗುತ್ತದೆ, ಸಾವಿರ ವರ್ಷ ಇದ್ದದ್ದು ಇನ್ನೊಂದು ವರ್ಷ ಇರಲಾರದೇ ಎಂಬ ಉದಾಸೀನ. ಕೆಲವು ವರ್ಷಗಳ ನಂತರ ಏನೋ ಕಾರಣಕ್ಕೆ ಆ ದಾರಿಯಲ್ಲಿ ಹೋದಾಗ ಏರಿಯ ದುರಸ್ತಿ ಮುಗಿದಿತ್ತು. ಹೊಸ ಕಲ್ಲುಕಟ್ಟಡ, ಹೊಸ ಸಿಮೆಂಟು. ವೀರಗಲ್ಲು ಇರಲಿಲ್ಲ. ಕೇಳಿದಾಗ, ಹಳೆಯ ಕಲ್ಲುಗಳನ್ನೆಲ್ಲ ಒಡೆದು ಏರಿಯ ಒಳಮೈಗೆ ತುಂಬಿದರೆಂದು ಊರವರು ಹೇಳಿದರು. ಕೆಲಸ ಮಾಡಿಸಿದವರನ್ನು ದೂರಿ ಫಲವೇನು? ಅದು ಬರಹವಿರುವ ಕಲ್ಲೆಂದು ಅವರಿಗೆ ಹೇಳಬಲ್ಲವನು ನಾನೊಬ್ಬನಿದ್ದೆ, ನಾನು ಹೇಳಿರಲಿಲ್ಲ. ಅಜ್ಜಿ ಬಟ್ಟೆ ಒಗೆಯುತ್ತಿದ್ದಷ್ಟು ದಿನ ಕಲ್ಲು ಉಳಿದಿತ್ತು. ಮೇಷ್ಟ್ರು ನೋಡಿ ಹೋದ ಮೇಲೂ ಅದು ಉಳಿಯಲಿಲ್ಲ.

ಕಳೆದ ವರ್ಷ ಒಂದು ಮದುವೆಯಲ್ಲಿ ಆ ಹುಡುಗ ಸಿಕ್ಕಿದ್ದ. ಹುಡುಗನೆಂದರೆ ತಲೆಗೂದಲು ನರೆಯುತ್ತಿರುವ ಗೃಹಸ್ಥ, ಬೆಂಗಳೂರಿನಲ್ಲಿ ಉದ್ಯೋಗ. ಕಾಲಿಗೆ ನಮಸ್ಕರಿಸಿ, ಹೆಂಡತಿ ಮಕ್ಕಳನ್ನು ಪರಿಚಯಿಸಿದ. ಊಟಕ್ಕೆ ಕುಳಿತಾಗ ಪಕ್ಕದಲ್ಲಿದ್ದ ಮಗಳಿಗೆ, "ನಮ್ಮ ಮೇಷ್ಟ್ರು ನಮ್ಮೂರಿನ ಶಾಸನ ನೋಡೋಕೆ ಬಂದಿದ್ರು ಗೊತ್ತಾ?" ಎಂದು ಹೆಮ್ಮೆಯಿಂದ ಹೇಳಿದ. ನಂತರ ನನ್ನ ಕಡೆ ತಿರುಗಿ, "ಸಾರ್, ಆ ಕಲ್ಲಿನಲ್ಲಿ ಏನು ಬರೆದಿತ್ತು? ಇವಳು ಕೇಳ್ತಾಳೆ" ಎಂದ.

ಎಲೆಯ ಮೇಲಿನ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಏನೂ ಅನ್ನಲಿಲ್ಲ. "ಹೋಗ್ಲಿ ಬಿಡಿ ಸಾರ್" ಎಂದ. ಆ ಮಗು ಮಾತ್ರ ನನ್ನ ಮುಖವನ್ನೇ ನೋಡುತ್ತಿತ್ತು.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಬಿನ್ನಹ. ಇದನ್ನು ನಿವೃತ್ತ ಮೇಷ್ಟ್ರು ಕೊಡುವ ಕೊನೆಯ ಮನೆಗೆಲಸವೆಂದು ತಿಳಿಯಿರಿ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಬಂದಾಗ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ದೇವಸ್ಥಾನದ ಹಿಂಭಾಗ, ಕೆರೆಯ ತೂಬು, ಹಾಳು ಮಂಟಪ, ಹೊಲದ ಬದು, ಇಲ್ಲೆಲ್ಲ ಬರಹವಿರುವ ಕಲ್ಲು ಕಂಡರೆ ಅದಕ್ಕೆ ಎಣ್ಣೆ, ಬಣ್ಣ ಬಳಿಯಬೇಡಿ, ಕೆರೆಯಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರಗಳು ತಾವಾಗಿ ಎದ್ದು ಕಾಣುತ್ತವೆ. ಆಗ ನಿಮ್ಮ ಮೊಬೈಲಿನಲ್ಲಿ ನಾಲ್ಕು ಚಿತ್ರ ತೆಗೆಯಿರಿ. ಊರು, ಜಾಗ, ತಾರೀಖು ಬರೆದಿಡಿ. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಅಲ್ಲಿನ ಶಾಸನಗಳನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದ ಚಿತ್ರಗಳಾಗಿ ಉಳಿಸುತ್ತಿದ್ದಾರೆ. ಸವೆದ ಅಕ್ಷರವನ್ನೂ ಅದರಿಂದ ಓದಬಹುದಂತೆ. ನಮ್ಮ ಕಾಲದಲ್ಲಿ ಇಲ್ಲದ ಅನುಕೂಲ ನಿಮ್ಮ ಜೇಬಿನಲ್ಲಿದೆ. ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಅವರ ಬಳಿ ಕುಳಿತು ಸಂವತ್ಸರದ ಹೆಸರು ಹಿಡಿದು ಮಾತನಾಡಿಸಿ. ಇಸವಿಯನ್ನು ನೀವು ಲೆಕ್ಕ ಹಾಕಿಕೊಳ್ಳಬಹುದು. ಅಟ್ಟದಲ್ಲಿ ಕಡತವಿದ್ದರೆ ನೀರೊಲೆಗೆ ಹಾಕುವ ಮುನ್ನ ನನಗೊಂದು ಮಾತು ತಿಳಿಸಿ.

ಮತ್ತು ನಿಮ್ಮ ಮಕ್ಕಳು ಯಾವಾಗಲಾದರೂ "ನಮ್ಮ ಊರಿಗೂ ಇತಿಹಾಸವಿದೆಯೇ?" ಎಂದು ಕೇಳಿದರೆ ದಯವಿಟ್ಟು ನಗಬೇಡಿ. ಇದೆ ಎಂದು ಹೇಳಿ, ಕೈ ಹಿಡಿದು ಕೆರೆಯ ಏರಿಯ ಮೇಲೆ ಕರೆದುಕೊಂಡು ಹೋಗಿ. ಬೇಸಿಗೆ ರಜೆಗೆ ಕಾಯಬೇಡಿ.